ಟಿವಿ ಸಿಗ್ನಲ್ ಹೋಯಿತೇ? 5ಜಿ ಟವರನ್ನು ಬೈಯುವ ಮುನ್ನ ಒಮ್ಮೆ ಟೆರೇಸಿಗೆ ಹೋಗಿ ನೋಡಿ

"ನಮ್ಮ ಏರಿಯಾದಲ್ಲಿ 5ಜಿ ಟವರ್ ಹಾಕಿದ ಮೇಲೆ ಎಲ್ಲರ ಮನೆಯ ಡಿಶ್ ಸಿಗ್ನಲ್ ಹೋಗುತ್ತಿದೆ. ಎಲ್ಲ ಗ್ರೂಪುಗಳಿಗೂ ಕಳಿಸಿ." ಇಂಥದೊಂದು ಮೆಸೇಜ್ ನಿಮ್ಮ ಫೋನಿಗೂ ಬಂದಿರಬಹುದು. ಕೆಲವರಿಗೆ ಇದರ ಜೊತೆಗೆ ಇನ್ನೊಂದೂ ಬಂದಿರುತ್ತದೆ: "300 ರೂಪಾಯಿಯ ಈ ಆಂಟೆನಾ ಹಾಕಿದರೆ ಜೀವನಪೂರ್ತಿ ಎಲ್ಲ ಚಾನೆಲ್ ಉಚಿತ."

ಇವೆರಡೂ ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಬಂದದ್ದು ಒಂದೇ ಭಾನುವಾರ. ಅಂದು ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಟಿವಿ ಬಂದ್ ಆಗಿತ್ತು. ಊರಿನಿಂದ ಬಂದಿದ್ದ ಅಮ್ಮನಿಗೆ ನಾವೆಲ್ಲ ಕೆಲಸಕ್ಕೆ ಹೋದ ಮೇಲೆ ಟಿವಿಯೇ ಜೊತೆ. ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಫೋನಿನಲ್ಲಿ ಹುಡುಕಿ, ಮೊದಲು ಕಂಡ "ಕಸ್ಟಮರ್ ಕೇರ್" ನಂಬರಿಗೆ ಫೋನ್ ಮಾಡಿದ್ದರು. ಆ ಕಡೆಯವನು ಒಂದು ಆಪ್ ಹಾಕಿಸಿ, "ಈಗ ಬಂದ ನಂಬರ್ ಓದಿ ಅಮ್ಮಾ" ಎನ್ನುತ್ತಿದ್ದ. ಕನ್ನಡಕ ಕೈಗೆ ಸಿಗದ್ದರಿಂದ ಅಮ್ಮ ಅದನ್ನು ಓದಿರಲಿಲ್ಲ. ಅಷ್ಟೇ ನಮ್ಮ ಪುಣ್ಯ.

ಕೊನೆಗೆ ಟೆರೇಸಿಗೆ ಹೋಗಿ ನೋಡಿದರೆ, ಯಾರೋ ನಮ್ಮ ಡಿಶ್ಶಿನ ಕಂಬಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದರು. ಮೇಲೆ ನಾಲ್ಕು ಒದ್ದೆ ಬೆಡ್‌ಶೀಟು. ಟಿವಿ ಹೋದದ್ದು 5ಜಿಯಿಂದಲ್ಲ, ಬೆಡ್‌ಶೀಟಿನಿಂದ.

ಉಪಗ್ರಹದಿಂದ ಸುಮಾರು 36,000 ಕಿ.ಮೀ. ದಾಟಿ ಸರಿಯಾಗಿ ಬರುವ ಸಿಗ್ನಲ್ ಸಾಮಾನ್ಯವಾಗಿ ಕಳೆದುಹೋಗುವುದು ನಮ್ಮ ಟೆರೇಸಿಗೂ ಟಿವಿಗೂ ನಡುವಿನ 30 ಮೀಟರಿನಲ್ಲಿ. ಆ 30 ಮೀಟರನ್ನು ಕ್ರಮವಾಗಿ ನೋಡಿದರೆ ತೊಂದರೆ ಎಲ್ಲಿದೆ ಎಂಬುದು ದುಡ್ಡು ಖರ್ಚಿಲ್ಲದೆ ತಿಳಿಯುತ್ತದೆ.

ಮೊದಲು ತಿಳಿಯಬೇಕಾದದ್ದು: ಸಿಗ್ನಲ್ ಬರುವುದು ಹೇಗೆ?

ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಒಂದೇ ಕಡೆ ನಿಂತಂತೆ ಕಾಣುತ್ತವೆ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಅವೂ ಸುತ್ತುವುದೇ ಇದಕ್ಕೆ ಕಾರಣ. ಆದ್ದರಿಂದಲೇ ಡಿಶ್ಶನ್ನು ಒಮ್ಮೆ ತಿರುಗಿಸಿ ಬಿಗಿದರೆ ಸಾಕು, ದಿನವೂ ತಿರುಗಿಸಬೇಕಾಗಿಲ್ಲ.

2004ರ ಡಿಸೆಂಬರಿನಲ್ಲಿ ಶುರುವಾದ ದೂರದರ್ಶನದ ಉಚಿತ ಸೇವೆ, ಈಗಿನ ಡಿಡಿ ಫ್ರೀ ಡಿಶ್, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ಅಂದರೆ ವಾಸ್ತು ನೋಡುವವರು ಅಡುಗೆಮನೆ ಇರಬೇಕು ಎನ್ನುವ ಮೂಲೆಯ ಕಡೆ ಮುಖ ಮಾಡಿ, ಕತ್ತನ್ನು ಚೆನ್ನಾಗಿ ಮೇಲಕ್ಕೆತ್ತಿ ನೋಡಬೇಕು. ಬೇರೆ ಬೇರೆ ಡಿಟಿಎಚ್ ಕಂಪನಿಗಳ ಉಪಗ್ರಹಗಳು ಬೇರೆ ಬೇರೆ ಸ್ಥಾನದಲ್ಲಿವೆ.

ಡಿಶ್ ಬರೀ ಕನ್ನಡಿಯಂತೆ. ಬಿದ್ದ ಅಲೆಗಳನ್ನು ಮುಂದೆ ಚಾಚಿಕೊಂಡಿರುವ ತೋಳಿನ ತುದಿಯ ಎಲ್‌ಎನ್‌ಬಿ ಎಂಬ ಪುಟ್ಟ ಡಬ್ಬಿಗೆ ಒಟ್ಟುಗೂಡಿಸುತ್ತದೆ. ಎಲ್‌ಎನ್‌ಬಿ ಆ ಸಿಗ್ನಲನ್ನು ಕೇಬಲ್ಲಿನಲ್ಲಿ ಸಾಗುವಂತೆ ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸಿ ಸೆಟ್-ಟಾಪ್ ಬಾಕ್ಸಿಗೆ ಕಳಿಸುತ್ತದೆ. ಈ ಕೆಲಸಕ್ಕೆ ಅದಕ್ಕೆ ಕರೆಂಟ್ ಬೇಕು. ಅದೂ ಅದೇ ಕೇಬಲ್ಲಿನಲ್ಲಿ, ಬಾಕ್ಸಿನಿಂದ ಮೇಲಕ್ಕೆ, 13 ಅಥವಾ 18 ವೋಲ್ಟ್ ಲೆಕ್ಕದಲ್ಲಿ ಹೋಗುತ್ತದೆ. ಕೇಬಲ್ಲಿಗೆ ನೀರು ಇಳಿದರೆ ಸಿಗ್ನಲ್ ಬರುವ ದಾರಿಯೂ ಕರೆಂಟ್ ಹೋಗುವ ದಾರಿಯೂ ಒಟ್ಟಿಗೆ ಕೆಡುತ್ತವೆ.

"ನಿನ್ನೆ ಚೆನ್ನಾಗಿತ್ತು, ಇವತ್ತು ಪೂರ್ತಿ ಹೋಯಿತು" ಏಕೆ?

ಹಳೆಯ ಟಿವಿಯಲ್ಲಿ ಸಿಗ್ನಲ್ ಕಡಿಮೆಯಾದಂತೆ ಚುಕ್ಕಿ ಚುಕ್ಕಿ ಬರುತ್ತಿತ್ತು. ಆ ಚುಕ್ಕಿಗಳ ನಡುವೆಯೇ ನಾವು ಕ್ರಿಕೆಟ್ ಮ್ಯಾಚ್ ನೋಡಿ ಮುಗಿಸುತ್ತಿದ್ದೆವು. ಡಿಜಿಟಲ್ ಸಿಗ್ನಲ್ ಹಾಗಲ್ಲ. ಒಂದು ಮಟ್ಟದವರೆಗೆ ಅದರಲ್ಲಾದ ತಪ್ಪುಗಳನ್ನು ಬಾಕ್ಸೇ ತಿದ್ದಿಕೊಳ್ಳುತ್ತದೆ, ಚಿತ್ರ ಸ್ವಚ್ಛವಾಗಿರುತ್ತದೆ. ಆ ಮಟ್ಟಕ್ಕಿಂತ ಸ್ವಲ್ಪ ಕೆಳಗಿಳಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಇನ್ನೂ ಸ್ವಲ್ಪ ಇಳಿದರೆ ಪೂರ್ತಿ ನಿಲ್ಲುತ್ತದೆ.

ಹಾಗಾಗಿ ಟಿವಿ ಒಂದೇ ದಿನದಲ್ಲಿ ಹೋದರೂ ತೊಂದರೆ ಶುರುವಾಗಿ ತಿಂಗಳುಗಳೇ ಆಗಿರಬಹುದು. ಪಿನ್ ಸ್ವಲ್ಪ ಸ್ವಲ್ಪವೇ ತುಕ್ಕು ಹಿಡಿದು ಕೊನೆಗೊಂದು ದಿನ ಗೆರೆ ದಾಟಿರುತ್ತದೆ. ಅದೇ ವಾರ ಬೀದಿಯಲ್ಲಿ ಟವರ್ ಎದ್ದಿದ್ದರೆ ಬೈಗುಳ ಟವರಿಗೆ ಬೀಳುತ್ತದೆ.

ಟಿವಿಯಿಂದ ಶುರುಮಾಡಿ, ಟೆರೇಸ್ ಕೊನೆಗೆ

1. ಮೆಸೇಜ್ ಯಾರದ್ದು ನೋಡಿ. ಪರದೆಯಲ್ಲಿ ಬರೀ "ನೋ ಸಿಗ್ನಲ್" ಎಂದು ತೇಲಾಡುತ್ತಿದ್ದು, ಬಾಕ್ಸಿನ ರಿಮೋಟಿನಲ್ಲಿ ಮೆನು ಒತ್ತಿದರೂ ಏನೂ ಬರದಿದ್ದರೆ ಅದು ಟಿವಿಯ ಮೆಸೇಜು. ಬಾಕ್ಸಿನಿಂದ ಟಿವಿಗೆ ಚಿತ್ರವೇ ಬರುತ್ತಿಲ್ಲ ಎಂದರ್ಥ, ಡಿಶ್ಶಿಗೂ ಇದಕ್ಕೂ ಸಂಬಂಧವಿಲ್ಲ. ಬಾಕ್ಸ್ ಆನ್ ಆಗಿದೆಯೇ, ಟಿವಿ ರಿಮೋಟಿನಲ್ಲಿ ಸೋರ್ಸ್ ಬದಲಾಗಿದೆಯೇ, ಎಚ್‌ಡಿಎಂಐ ವೈರ್ ಸಡಿಲವಾಗಿದೆಯೇ ನೋಡಿ. ಮಕ್ಕಳು ರಿಮೋಟ್ ಒತ್ತಿದ ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ.

2. ರೀಚಾರ್ಜ್ ನೋಡಿ. ಚಾನೆಲ್ ಹೆಸರು ಕಾಣುತ್ತಿದೆ, ಆದರೆ ಪ್ಯಾಕ್ ಇಲ್ಲವೆಂದು ಬಾಕ್ಸ್ ಹೇಳುತ್ತಿದ್ದರೆ ಸಿಗ್ನಲ್ ಸರಿಯಾಗಿಯೇ ಇದೆ. ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಪಡೆಯುತ್ತವೆ. ಜಾಗ ಸಿಗದ ಚಾನೆಲ್ ಪಟ್ಟಿಯಿಂದ ಹೋಗುತ್ತದೆ, ಹೊಸದು ಬರುತ್ತದೆ. ಒಂದೆರಡು ಚಾನೆಲ್ ಮಾತ್ರ ಹೋಗಿದ್ದರೆ ಮೆನುವಿಗೆ ಹೋಗಿ ಮತ್ತೊಮ್ಮೆ ಆಟೋ ಸ್ಕ್ಯಾನ್ ಮಾಡಿ. ಆದರೆ ಎಲ್ಲ ಚಾನೆಲ್‌ಗಳೂ ಹೋಗಿರುವಾಗ ಸ್ಕ್ಯಾನ್ ಮಾಡಬೇಡಿ. ಬಾಕ್ಸಿನಲ್ಲಿರುವ ಹಳೆಯ ಪಟ್ಟಿಯೂ ಅಳಿಸಿಹೋಗಬಹುದು.

3. ಸ್ವಿಚ್ ಆಫ್ ಮಾಡಿ ಆನ್ ಮಾಡಿ. ರಿಮೋಟಿನಲ್ಲಲ್ಲ, ಗೋಡೆಯ ಸ್ವಿಚ್ಚಿನಲ್ಲಿ. ಒಂದು ನಿಮಿಷ ಬಿಟ್ಟು ಹಾಕಿ.

4. ಸಿಗ್ನಲ್ ಪಟ್ಟಿ ನೋಡಿ. ಬಾಕ್ಸಿನ ಸೆಟ್ಟಿಂಗಿನಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ: ಸ್ಟ್ರೆಂತ್ ಮತ್ತು ಕ್ವಾಲಿಟಿ. ಇಡೀ ಪತ್ತೆ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆಯಾಗಿದ್ದರೆ ಕೇಬಲ್ ಮತ್ತು ಎಲ್‌ಎನ್‌ಬಿ ಬಹುಮಟ್ಟಿಗೆ ಸರಿಯಿವೆ. ಡಿಶ್ ಅಲುಗಿರಬೇಕು ಅಥವಾ ಅದಕ್ಕೆ ಏನಾದರೂ ಅಡ್ಡ ಬಂದಿರಬೇಕು. ಎರಡೂ ಸೊನ್ನೆಯಾಗಿದ್ದರೆ ಕೇಬಲ್, ಪಿನ್ ಅಥವಾ ಎಲ್‌ಎನ್‌ಬಿ ಮೇಲೆ ಅನುಮಾನ ಪಡಿ. ಎರಡೂ ಏರಿಳಿಯುತ್ತಿದ್ದರೆ ಪಿನ್ ಸಡಿಲವಿರುವ ಸಾಧ್ಯತೆ ಹೆಚ್ಚು.

5. ಪಿನ್ ಬಿಚ್ಚಿ ನೋಡಿ. ಮೊದಲು ಬಾಕ್ಸಿನ ಪ್ಲಗ್ ತೆಗೆಯಿರಿ. ಕೇಬಲ್ಲಿನಲ್ಲಿ ಕರೆಂಟ್ ಇರುವುದರಿಂದ ಶಾರ್ಟ್ ಆದರೆ ಬಾಕ್ಸ್ ಕೆಡಬಹುದು. ಪಿನ್ ನಡುವಿನ ತಾಮ್ರದ ತಂತಿ ಹಸಿರು ಅಥವಾ ಕಪ್ಪಾಗಿದ್ದರೆ ನೀರು ಬಂದಿದೆ ಎಂದರ್ಥ. ಹೊರಗಿನ ಜಾಲರಿಯ ಒಂದೇ ಎಳೆ ನಡುವಿನ ತಂತಿಗೆ ತಾಗಿದ್ದರೂ ಎಲ್ಲ ಚಾನೆಲ್ ಹೋಗುತ್ತವೆ. ಕೆಟ್ಟ ತುದಿಯನ್ನು ಕತ್ತರಿಸಿ ಹೊಸ ಪಿನ್ ಹಾಕಿದರೆ ಎಷ್ಟೋ ಸಲ ಅಷ್ಟೇ ಸಾಕು.

ಒಂದು ಡಿಶ್ಶಿನಿಂದ ಎರಡು ಟಿವಿಗೆ ಕೊಡಲು ಮಧ್ಯೆ ಸ್ಪ್ಲಿಟರ್ ಹಾಕಿದ್ದರೆ ಅದನ್ನು ತೆಗೆದು ನೇರವಾಗಿ ಒಂದೇ ಬಾಕ್ಸಿಗೆ ಕೊಟ್ಟು ನೋಡಿ. ಕೇಬಲ್ ಟಿವಿಯ ಮಾಮೂಲಿ ಸ್ಪ್ಲಿಟರ್ ಡಿಶ್ಶಿಗೆ ಆಗಿಬರುವುದಿಲ್ಲ. ಎರಡು ಬಾಕ್ಸಿಗೆ ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ ಬೇಕು.

6. ಈಗ ಟೆರೇಸ್. ಎಲ್‌ಎನ್‌ಬಿಯ ಮುಂದಿನ ಮುಚ್ಚಳ ಬಿಸಿಲಿಗೆ ಬಿರುಕು ಬಿಟ್ಟಿದೆಯೇ, ಕೇಬಲ್ಲನ್ನು ಇಲಿ, ಅಳಿಲು ಕಡಿದಿವೆಯೇ, ನಟ್ಟು ಸಡಿಲವಾಗಿದೆಯೇ, ಡಿಶ್ ನೇರವಾಗಿ ನಿಂತಿದೆಯೇ ನೋಡಿ.

ಒಂದು ಸೆಂಟಿಮೀಟರ್ ಎಷ್ಟು ದೂರ?

ನಮ್ಮ ಮನೆಯ ಬೆಡ್‌ಶೀಟ್ ಕಥೆ ಕೇಳಿ ನಕ್ಕವರು ಈ ಲೆಕ್ಕ ನೋಡಿ. 60 ಸೆಂ.ಮೀ. ಅಗಲದ ಡಿಶ್ ಆಕಾಶದಲ್ಲಿ ಸುಮಾರು 3 ಡಿಗ್ರಿಯಷ್ಟು ಜಾಗವನ್ನು ಮಾತ್ರ ಚೆನ್ನಾಗಿ "ನೋಡುತ್ತದೆ". ಉಪಗ್ರಹ ಅದರ ಮಧ್ಯದಲ್ಲಿದ್ದರೆ ಯಾವ ಕಡೆ ತಿರುಗಿದರೂ ಉಳಿಯುವುದು ಒಂದೂವರೆ ಡಿಗ್ರಿ. ಡಿಶ್ಶಿನ ಅಂಚು ಒಂದು ಸೆಂಟಿಮೀಟರ್ ಸರಿದರೆ ಅದರ ಮುಖ ಸುಮಾರು 2 ಡಿಗ್ರಿ ತಿರುಗುತ್ತದೆ. 36,000 ಕಿ.ಮೀ. ಆಚೆ ಆ 2 ಡಿಗ್ರಿ ಎಂದರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಕಣ್ಣಿಗೆ ಡಿಶ್ ಮೊದಲಿದ್ದಂತೆಯೇ ಕಾಣುತ್ತದೆ, ಟಿವಿ ಮಾತ್ರ ಬರುವುದಿಲ್ಲ.

ಸರಿಮಾಡುವುದು ಹೀಗೆ. ನಟ್ಟು ಸಡಿಲಿಸುವ ಮುಂಚೆ ಡಿಶ್ ಈಗ ನಿಂತಿರುವ ಜಾಗವನ್ನು ಸ್ಕೆಚ್ ಪೆನ್ನಿನಲ್ಲಿ ಗುರುತು ಮಾಡಿ, ಒಂದು ಫೋಟೋ ತೆಗೆದುಕೊಳ್ಳಿ. ಒಬ್ಬರು ಕೆಳಗೆ ಟಿವಿ ಮುಂದೆ ಕೂತು ಕ್ವಾಲಿಟಿ ಎಷ್ಟೆಂದು ಫೋನಿನಲ್ಲಿ ಹೇಳುತ್ತಿರಲಿ. ಮೇಲಿರುವವರು ಒಂದೆರಡು ಮಿಲಿಮೀಟರ್ ತಿರುಗಿಸಿ, ಬಾಕ್ಸ್ ಹೊಸ ಲೆಕ್ಕ ತೋರಿಸಲು ಐದಾರು ಸೆಕೆಂಡ್ ಕಾಯಬೇಕು. ಅವಸರ ಮಾಡಿದರೆ ಸರಿಯಾದ ಜಾಗ ದಾಟಿಹೋಗಿರುತ್ತದೆ, ಗೊತ್ತೇ ಆಗುವುದಿಲ್ಲ. ನಮ್ಮಲ್ಲಿ ಅಮ್ಮ "ನಲವತ್ತು... ಐವತ್ತೈದು... ಅಲ್ಲೇ ಬಿಡು ಮಗಾ!" ಎಂದಾಗ ನಟ್ಟು ಬಿಗಿದೆ.

ಪಕ್ಕದ ಬಿಲ್ಡಿಂಗ್ ಎದ್ದದ್ದರಿಂದ ಹೋಯಿತೇ?

ಇದು ಅಕ್ಕಪಕ್ಕದವರ ಜಗಳಕ್ಕೆ ಕಾರಣವಾಗುವ ಪ್ರಶ್ನೆ. 66 ಡಿಗ್ರಿ ಎಂದರೆ ಬಹಳ ಎತ್ತರ. ನಿಮ್ಮ ಡಿಶ್ಶಿಗೆ ಆಗ್ನೇಯದಲ್ಲಿ 10 ಮೀಟರ್ ದೂರವಿರುವ ಕಟ್ಟಡ ಡಿಶ್ಶಿಗಿಂತ ಸುಮಾರು 22 ಮೀಟರ್, ಅಂದರೆ ಏಳು ಮಹಡಿಯಷ್ಟು, ಮೇಲೆದ್ದರೆ ಮಾತ್ರ ಫ್ರೀ ಡಿಶ್ ಸಿಗ್ನಲ್ಲಿಗೆ ಅಡ್ಡಬರುತ್ತದೆ. ಹಾಗಾಗಿ ಟೆರೇಸಿನ ಮೇಲಿರುವ ಡಿಶ್ಶಿಗೆ ಪಕ್ಕದ ಸೈಟಿನ ಮೂರು ಅಂತಸ್ತಿನ ಮನೆಯಿಂದ ತೊಂದರೆಯಾಗುವುದು ಅಪರೂಪ. ಕಟ್ಟಡ ತೀರಾ ಹತ್ತಿರವಿದ್ದರೆ, ನಿಮ್ಮ ಉಪಗ್ರಹ ಆಕಾಶದಲ್ಲಿ ಇನ್ನೂ ಕೆಳಗಿದ್ದರೆ ಲೆಕ್ಕ ಬದಲಾಗುತ್ತದೆ.

ಆದರೆ ಇದೇ ಲೆಕ್ಕ ಬಾಲ್ಕನಿಯಲ್ಲಿ ಡಿಶ್ ಇಡುವವರಿಗೆ ಉಲ್ಟಾ ಹೊಡೆಯುತ್ತದೆ. ಉಪಗ್ರಹ ಅಷ್ಟು ಮೇಲಿರುವುದರಿಂದ ಮೇಲಿನ ಮನೆಯ ಬಾಲ್ಕನಿಯ ಸ್ಲ್ಯಾಬೇ ಅಡ್ಡ. ಡಿಶ್ಶಿನ ಮುಖ ಎದುರಿಗೆ ನೋಡುತ್ತಿರುವಂತೆ ಕಂಡರೂ ಅದು ನಿಜವಾಗಿ ನೋಡುವುದು ಇನ್ನಷ್ಟು ಮೇಲಕ್ಕೆ. ಎಲ್‌ಎನ್‌ಬಿಯನ್ನು ನಡುಮಧ್ಯದ ಬದಲು ಕೆಳಗಿನ ತೋಳಿನಲ್ಲಿ ಕೂರಿಸುವ ವಿನ್ಯಾಸವೇ ಹಾಗಿದೆ.

ಮರಗಳ ವಿಷಯ ಬೇರೆ. ಹೊಂಗೆ ಎಲೆ ಉದುರಿಸಿ ನಿಂತಾಗ ಕೂರಿಸಿದ ಡಿಶ್, ಯುಗಾದಿ ಹೊತ್ತಿಗೆ ಹೊಸ ಚಿಗುರು ತುಂಬಿದ ಮೇಲೆ ಕೈಕೊಡಬಹುದು. ತೆಂಗಿನ ಗರಿ ಗಾಳಿಗೆ ಬಂದು ಹೋಗುತ್ತಿದ್ದರೆ ಚಿತ್ರವೂ ಬಂದು ಹೋಗುತ್ತದೆ. ಒದ್ದೆ ಎಲೆ ಒಣ ಎಲೆಗಿಂತ ಹೆಚ್ಚು ತಡೆಯುತ್ತದೆ.

ಕಾಯ್ದರೆ ತಾನೇ ಸರಿಹೋಗುವ ತೊಂದರೆಗಳು

ಜೋರು ಮಳೆ: ಈ ಅಲೆಗಳ ಉದ್ದ ಸುಮಾರು ಎರಡೂವರೆ ಸೆಂ.ಮೀ. ದಪ್ಪ ಮಳೆಹನಿಗಳು ಇವನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಸಿಗ್ನಲ್ ಬಂದರೆ ಏನೂ ಕೆಟ್ಟಿಲ್ಲ. ಮಳೆ ನಿಂತ ಮೇಲೂ ಗಂಟೆಗಟ್ಟಲೆ ಬರದಿದ್ದರೆ ಎಲ್ಲೋ ನೀರು ಇಳಿದಿದೆ. ಸಣ್ಣ ತುಂತುರಿಗೇ ಹೋಗುತ್ತಿದ್ದರೆ ಡಿಶ್ ಆಗಲೇ ಸ್ವಲ್ಪ ಸರಿದಿದೆ ಎಂದುಕೊಳ್ಳಿ.

ಸೂರ್ಯ: ವರ್ಷಕ್ಕೆ ಎರಡು ಬಾರಿ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಸೂರ್ಯನಿಂದ ಬರುವ ರೇಡಿಯೋ ಸದ್ದಿನಲ್ಲಿ ಉಪಗ್ರಹದ ಮಾತು ಮುಳುಗಿಹೋಗುತ್ತದೆ. ಬೆಂಗಳೂರಿನ ಸುತ್ತ ಇದು ನಡೆಯುವುದು ಮಾರ್ಚ್ ಮಧ್ಯಭಾಗ ಮತ್ತು ಸೆಪ್ಟೆಂಬರ್ ಕೊನೆಯ ಸುಮಾರಿಗೆ, ಫ್ರೀ ಡಿಶ್ ಆದರೆ ಬೆಳಿಗ್ಗೆ 11 ಗಂಟೆ ಆಸುಪಾಸು, ಕೆಲವು ನಿಮಿಷ ಮಾತ್ರ. ಆ ಹೊತ್ತಿನಲ್ಲಿ ಡಿಶ್ ತಿರುಗಿಸಲು ಹೋದರೆ ಇಲ್ಲದ ತೊಂದರೆ ತಂದುಕೊಂಡಂತೆ.

ಫಾರ್ವರ್ಡ್ ಮೆಸೇಜ್ ಮತ್ತು ವಾಸ್ತವ

ಹೇಳಿಕೆ: 5ಜಿ ಬಂದು ಡಿಶ್ ಸಿಗ್ನಲ್ ಹಾಳಾಯಿತು.
ವಾಸ್ತವ: ನಮ್ಮ ದೇಶದಲ್ಲಿ 5ಜಿ 2022ರ ಅಕ್ಟೋಬರ್ 1ರಂದು ಶುರುವಾಯಿತು. ಅದಕ್ಕೆ ಮುಖ್ಯವಾಗಿ ಬಳಸುವುದು 3.3 ಗಿಗಾಹರ್ಟ್ಸ್‌ನಿಂದ ಮೇಲಿನ ಒಂದು ಪಟ್ಟಿ. ಮನೆಯ ಸಣ್ಣ ಡಿಶ್‌ಗಳು ಕೆಲಸ ಮಾಡುವುದು 10.7ರಿಂದ 12.75 ಗಿಗಾಹರ್ಟ್ಸ್ ನಡುವೆ. ಎರಡರ ನಡುವೆ ಬಹಳ ಅಂತರವಿದೆ. ಆದರೆ ಈ ವದಂತಿಯಲ್ಲಿ ಕಾಳಷ್ಟು ಸತ್ಯವೂ ಇದೆ. ಕೇಬಲ್ ಆಪರೇಟರುಗಳ ದೊಡ್ಡ ಡಿಶ್‌ಗಳು 3.7ರಿಂದ 4.2 ಗಿಗಾಹರ್ಟ್ಸ್ ಸಿಗ್ನಲ್ ಹಿಡಿಯುತ್ತವೆ. ಅದು 5ಜಿಗೆ ಪಕ್ಕದ ಮನೆಯಿದ್ದಂತೆ, ಅಲ್ಲಿ ಫಿಲ್ಟರ್ ಬೇಕಾಗಬಹುದು. ಇನ್ನು ನಿಮ್ಮ ಡಿಶ್ಶಿನ ಕೇಬಲ್ಲಿನೊಳಗೆ ಇಳಿದ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್‌ನಲ್ಲಿರುತ್ತದೆ. ಕೆಲವು ಮೊಬೈಲ್ ಅಲೆಗಳೂ ಅದೇ ವ್ಯಾಪ್ತಿಯಲ್ಲಿವೆ. ಕೇಬಲ್ಲಿನ ಜಾಲರಿ ಹರಿದಿದ್ದರೆ, ಪಿನ್ ಸಡಿಲವಿದ್ದರೆ ಅವು ಒಳನುಗ್ಗಬಹುದು. ಆಗಲೂ ಮದ್ದು ಒಳ್ಳೆಯ ಕೇಬಲ್ಲೇ.

ಹೇಳಿಕೆ: 300 ರೂಪಾಯಿ ಆಂಟೆನಾದಲ್ಲಿ ಎಲ್ಲ ಚಾನೆಲ್ ಉಚಿತ.
ವಾಸ್ತವ: ಅಮೆರಿಕದಂಥ ದೇಶಗಳಲ್ಲಿ ಖಾಸಗಿ ಚಾನೆಲ್‌ಗಳೂ ನೆಲದ ಟವರ್‌ಗಳಿಂದ ಪ್ರಸಾರವಾಗುತ್ತವೆ. ಕಿಟಕಿಗೆ ಅಂಟಿಸುವ ಆಂಟೆನಾ ಅಲ್ಲಿ ಕೆಲಸ ಮಾಡುತ್ತದೆ, ಆ ವಿಡಿಯೊಗಳು ಸುಳ್ಳಲ್ಲ. ಭಾರತದಲ್ಲಿ ನೆಲದ ಟವರಿನಿಂದ ಟಿವಿ ಪ್ರಸಾರ ಮಾಡುವುದು ದೂರದರ್ಶನ ಮಾತ್ರ. ಮೀನಿನ ಮುಳ್ಳಿನಂಥ ಹಳೆಯ ಆಂಟೆನಾ ಹಿಡಿಯುತ್ತಿದ್ದ ಅನಲಾಗ್ ಪ್ರಸಾರವನ್ನೂ ಅದು ಬಹುತೇಕ ನಿಲ್ಲಿಸಿದೆ. ಆ ಆಂಟೆನಾದಲ್ಲಿ ನಿಮ್ಮ ಧಾರಾವಾಹಿಯ ಖಾಸಗಿ ಚಾನೆಲ್ ಬರುವುದಿಲ್ಲ. ಉಚಿತವಾಗಿಯೇ ಬೇಕಿದ್ದರೆ ಫ್ರೀ ಡಿಶ್ ಇದೆ, ತಿಂಗಳ ಬಾಡಿಗೆಯಿಲ್ಲ.

ಹೇಳಿಕೆ: ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಅಯಸ್ಕಾಂತ ಇಡಿ, ಎಲ್‌ಎನ್‌ಬಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ.
ವಾಸ್ತವ: ಡಿಶ್ಶಿನ ಬಾಗು ಲೆಕ್ಕಹಾಕಿ ಮಾಡಿದ್ದು, ಸುಕ್ಕು ಸುಕ್ಕಾದ ಫಾಯಿಲ್ ಅದನ್ನು ಕೆಡಿಸುತ್ತದೆ. ಅಯಸ್ಕಾಂತದಿಂದ ಏನೂ ಆಗುವುದಿಲ್ಲ. ಪ್ಲಾಸ್ಟಿಕ್ ಮೇಲೆ ನಿಲ್ಲುವ ನೀರಿನ ಪದರ ಸಿಗ್ನಲ್ ತಡೆಯುತ್ತದೆ.

ಹೇಳಿಕೆ: ಸಿಗ್ನಲ್ ಹೆಚ್ಚಿಸುವ ಆಪ್ ಹಾಕಿಕೊಳ್ಳಿ.
ವಾಸ್ತವ: ಫೋನಿನ ಆಪ್ ದಿಕ್ಕು ತೋರಿಸಬಹುದು, ಅಷ್ಟೇ. ಡಿಶ್ಶಿಗೆ ಬೀಳುವ ಸಿಗ್ನಲನ್ನು ಹೆಚ್ಚು ಮಾಡಲು ಯಾವ ಆಪ್‌ಗೂ ಆಗದು.

ಬಾಡಿಗೆ ಮನೆಯವರು ಗಮನಿಸಿ

ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಡಿಶ್ ಟೆರೇಸಿನಲ್ಲಿದ್ದರೆ ಅದಕ್ಕೆ ನಿಮ್ಮ ಬಾಕ್ಸ್ ಜೋಡಿಸಿದ ಮಾತ್ರಕ್ಕೆ ಟಿವಿ ಬರುವುದಿಲ್ಲ. ಅದು ಬೇರೆ ಕಂಪನಿಯ ಉಪಗ್ರಹ ನೋಡುತ್ತಿರಬಹುದು. ಆಗ ಸ್ಟ್ರೆಂತ್ ಚೆನ್ನಾಗಿರುತ್ತದೆ, ಕ್ವಾಲಿಟಿ ಸೊನ್ನೆಯಾಗಿರುತ್ತದೆ.

ಒಂದೇ ಡಿಶ್ಶಿನಿಂದ ಇಡೀ ಬಿಲ್ಡಿಂಗಿಗೆ ಲೈನ್ ಕೊಟ್ಟಿದ್ದರೆ ಮೊದಲು ಪಕ್ಕದ ಮನೆಯವರನ್ನು ಕೇಳಿ. ಅವರದ್ದೂ ಹೋಗಿದ್ದರೆ ಅದು ಓನರ್ ಅಥವಾ ಅಸೋಸಿಯೇಷನ್ ನೋಡಬೇಕಾದ ಕೆಲಸ, ನೀವು ಒಬ್ಬರೇ ದುಡ್ಡು ಕೊಟ್ಟು ಮೆಕ್ಯಾನಿಕ್ ಕರೆಸಬೇಡಿ. ಟೆರೇಸಿನಲ್ಲಿ ಡ್ರಿಲ್ ಮಾಡುವ ಮುನ್ನ ಓನರ್ ಒಪ್ಪಿಗೆಯನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಆಮೇಲೆ ಟೆರೇಸ್ ಸೋರಿದರೆ ಅಡ್ವಾನ್ಸ್‌ನಲ್ಲಿ ಹಿಡಿಯುವ ಮಾತು ಬರುತ್ತದೆ. ಬಟ್ಟೆ ಹಗ್ಗ ಕಟ್ಟಿದವರ ಮೇಲೆ ಕೂಗಾಡುವುದಕ್ಕಿಂತ ಎರಡು ಮೊಳೆ ಹೊಡೆದು ಬೇರೆ ಹಗ್ಗ ಕಟ್ಟಿಕೊಡುವುದು ಸುಲಭ. ನಾವು ಹಾಗೆಯೇ ಮಾಡಿದೆವು.

ಟಿವಿಗಿಂತ ಜೀವ ದೊಡ್ಡದು, ದುಡ್ಡೂ ದೊಡ್ಡದು

ನೆಲದ ಮೇಲೆ ನಿಂತು ಕೈಗೆ ಎಟುಕುವ ಡಿಶ್ ಮಾತ್ರ ಮುಟ್ಟಿ. ಪ್ಯಾರಪೆಟ್ ಹತ್ತಬೇಕಾದರೆ, ವಾಟರ್ ಟ್ಯಾಂಕ್ ಮೇಲೇರಬೇಕಾದರೆ, ಹತ್ತಿರದಲ್ಲಿ ಕರೆಂಟ್ ಲೈನ್ ಹಾದುಹೋಗಿದ್ದರೆ ಮೆಕ್ಯಾನಿಕ್‌ಗೆ ಬಿಡಿ. ಕಬ್ಬಿಣದ ಕಂಬ ಲೈನಿಗೆ ತಾಗಿದರೆ ಎರಡನೇ ಅವಕಾಶ ಸಿಗುವುದಿಲ್ಲ. ಗುಡುಗು ಮಿಂಚು ಇರುವಾಗ ಟೆರೇಸಿಗೆ ಹೋಗಲೇಬೇಡಿ. ಮಳೆ ಶುರುವಾಗುವ ಮೊದಲೇ ಬಾಕ್ಸಿನ ಪ್ಲಗ್ ಮತ್ತು ಕೇಬಲ್ ತೆಗೆದಿಡಿ. ಸಿಡಿಲು ಬೀಳುತ್ತಿರುವಾಗ ತೆಗೆಯಲು ಹೋಗುವುದೂ ಅಪಾಯ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಬಾಕ್ಸಿನ ಮೇಲೆ, ಬಿಲ್ಲಿನಲ್ಲಿ ಅಥವಾ ಕಂಪನಿಯ ಸ್ವಂತ ಆಪ್‌ನಲ್ಲಿ ಇರುವುದನ್ನೇ ಬಳಸಿ. ಡಿಶ್ ಸರಿಮಾಡಲು ಯಾರಿಗೂ ನಿಮ್ಮ ಒಟಿಪಿ ಬೇಕಾಗಿಲ್ಲ, ನಿಮ್ಮ ಫೋನಿನ ಪರದೆ ನೋಡಬೇಕಾಗಿಲ್ಲ, "ಹತ್ತು ರೂಪಾಯಿ ಹಾಕಿ ಚೆಕ್ ಮಾಡಿ" ಎನ್ನಬೇಕಾಗಿಲ್ಲ. ಹಾಗೆ ಕೇಳಿದರೆ ಫೋನ್ ಇಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಮತ್ತು ನಿಮ್ಮ ಬ್ಯಾಂಕಿಗೆ ತಿಳಿಸಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಮ್ಮ ಅಮ್ಮ ಈಗ ಬಾಕ್ಸಿನ ಮೇಲಿದ್ದ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಟಿವಿ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಮಧ್ಯಾಹ್ನ ಹೊತ್ತು ಒಬ್ಬರೇ ಟಿವಿ ನೋಡುವ ಹಿರಿಯರು ನಿಮ್ಮ ಮನೆಯಲ್ಲೂ ಇದ್ದರೆ ನೀವೂ ಹಾಗೆ ಮಾಡಿ. ಏನಾದರೂ ಫಾರ್ವರ್ಡ್ ಮಾಡಲೇಬೇಕೆನಿಸಿದರೆ 5ಜಿ ಮೆಸೇಜಿನ ಬದಲು ಈ ಮಾತನ್ನು ಕಳಿಸಿ: ಡಿಶ್ ರಿಪೇರಿಗೆ ಒಟಿಪಿ ಬೇಕಾಗಿಲ್ಲ.